ಸೇಬು ಬಿಡಿ, ಖಡಕ್ ರೊಟ್ಟಿ ಕೇಳಿ

ತಪ್ಪು ಕಲ್ಪನೆ: ಒಳ್ಳೆಯ ಪ್ರಶ್ನಾವಳಿಯೊಂದನ್ನು ಕನ್ನಡಕ್ಕಿಳಿಸಿದರಾಯಿತು, ಯಾವ ಊರಿನ ಹಿರಿಯರನ್ನೂ ಕೇಳಬಹುದು.

ಸತ್ಯ: ವೃದ್ಧರ ಬಾಯಿಯ ಆರೋಗ್ಯ ಅಳೆಯಲು ಹಲವು ದೇಶಗಳು ಬಳಸುವ ‘ಗೋಹಾಯ್’ ಎಂಬ 12 ಪ್ರಶ್ನೆಗಳ ಪಟ್ಟಿಯನ್ನು 1990ರಲ್ಲಿ ಅಮೆರಿಕದ ಅಚಿಸನ್ ಮತ್ತು ಡೋಲನ್ ರೂಪಿಸಿದರು. ಸೇಬು, ಗಟ್ಟಿ ಮಾಂಸ ಅಗಿಯಲು ತೊಂದರೆಯೇ ಎಂಬುದು ಅದರಲ್ಲೊಂದು. ಬೆಳಗಾವಿ ಜಿಲ್ಲೆಯ ಕೌಜಲಗಿಯ ಅಜ್ಜನಿಗೆ ಇದನ್ನೇ ಕೇಳಿದರೆ ‘ಏನೂ ತ್ರಾಸಿಲ್ರೀ’ ಎನ್ನುತ್ತಾನೆ. ತಿನ್ನದ ಹಣ್ಣು ತ್ರಾಸು ಕೊಟ್ಟೀತು ಹೇಗೆ? ಅವನಿಗೆ ಕೇಳಬೇಕಾದ್ದು ಖಡಕ್ ರೊಟ್ಟಿ, ಹುರಿದ ಶೇಂಗಾ, ಗೋಕಾಕದ ಕರದಂಟು. 2008ರಲ್ಲಿ ಸೌದಿ ಅರೇಬಿಯಾ ಮತ್ತು ಜೋರ್ಡಾನ್‌ನಲ್ಲಿ ಬಳಸಲು ಈ ಪಟ್ಟಿಯನ್ನು ಅರಬ್ಬಿಗೆ ತಂದವರೂ ಅನುವಾದಕ್ಕೇ ನಿಲ್ಲಲಿಲ್ಲ. ಬಂದ ಉತ್ತರಗಳು ನಂಬಲರ್ಹವೇ ಎಂದು ಒರೆಗೆ ಹಚ್ಚಿದರು.

ಕಾಲದ ಲೆಕ್ಕದ ತೊಡಕೂ ಇದೆ. ಪಟ್ಟಿ ಕೇಳುವುದು ಕಳೆದ ಮೂರು ತಿಂಗಳ ಮಾತು. ದೀಪಾವಳಿ ಹೊತ್ತಿಗೆ ಕೇಳುವುದಾದರೆ ‘ನಾಗರಪಂಚಮಿ ಆದಾಗಿಂದ’ ಎನ್ನಿ. ಪಂಚಮಿಯ ಉಂಡಿ ಕಡಿಯಲು ಬಂತೋ ಇಲ್ಲವೋ ಎಂಬುದು ಅಜ್ಜಿಗೆ ಚೆನ್ನಾಗಿ ನೆನಪಿರುತ್ತದೆ.

ತಪ್ಪು ಕಲ್ಪನೆ: ನೋವಿಲ್ಲದಿದ್ದರೆ ಬಾಯಿ ನೆಟ್ಟಗಿದೆ.

ಸತ್ಯ: ವಸಡಿನ ರೋಗ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತದೆ. ಹಿರಿಯರು ದೂರುವುದಿಲ್ಲ, ಊಟ ಬದಲಿಸಿಕೊಳ್ಳುತ್ತಾರೆ. ‘ರೊಟ್ಟಿ ಹಾಲಿನ್ಯಾಗ ನೆನೆಸಿ ತಿಂತೀನಿ, ಛಲೋ ಹೋಗ್ತದ’ ಎಂಬ ಮಾತಿನಲ್ಲೇ ಹಲ್ಲಿನ ಕಥೆಯೆಲ್ಲ ಇದೆ. ಎದುರಿಗೆ ಸೊಸೆ ಕೂತಿದ್ದರಂತೂ ಅಷ್ಟೂ ಬಾಯಿಬಿಡುವುದಿಲ್ಲ. ಹಾಗಾಗಿ ಒಬ್ಬರನ್ನೇ ಕೂರಿಸಿಕೊಂಡು, ಪ್ರಶ್ನೆಯನ್ನು ಓದಿ ಹೇಳಿ ಕೇಳುವುದು ಲೇಸು.

ತಪ್ಪು ಕಲ್ಪನೆ: ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ.

ಸತ್ಯ: ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಹಲ್ಲು ಕೀಳಿಸುವ ವಯಸ್ಸಿಗೇ ಮೋತಿಬಿಂದುವೂ ಬರುತ್ತದೆ, ಅಪವಾದ ಹಲ್ಲಿನ ಡಾಕ್ಟರ ತಲೆಗೆ.

ತಪ್ಪು ಕಲ್ಪನೆ: ಮಿಶ್ರಿ ತಿಕ್ಕಿದರೆ ವಸಡು ಗಟ್ಟಿ.

ಸತ್ಯ: ಮಿಶ್ರಿ ಎಂದರೆ ಸುಟ್ಟು ಪುಡಿ ಮಾಡಿದ ತಂಬಾಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ವಸಡಿನ ರಕ್ತ ಕಡಿಮೆ ಕಾಣುತ್ತದೆ, ರೋಗ ಒಳಗೇ ಇರುತ್ತದೆ. ಬಾಯಿ ಕ್ಯಾನ್ಸರಿನ ಅಪಾಯ ಬೇರೆ. ನಿಪ್ಪಾಣಿಯ ತಂಬಾಕು ಸೀಮೆ ಪಕ್ಕದಲ್ಲೇ ಇರುವ ನಮ್ಮ ಭಾಗದಲ್ಲಿ ‘ಏನು ಹಚ್ಚಿ ಹಲ್ಲು ತಿಕ್ಕುತ್ತೀರಿ?’ ಎಂಬ ಹದಿಮೂರನೆಯ ಪ್ರಶ್ನೆಯನ್ನೂ ಸೇರಿಸಬೇಕು.

ನಿಮ್ಮ ಮನೆಯ ಹಿರಿಯರು ಇತ್ತೀಚೆಗೆ ರೊಟ್ಟಿ ನೆನೆಸತೊಡಗಿದ್ದರೆ, ಅಥವಾ ಬಾಯೊಳಗಿನ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ನೋವು ಬರುವವರೆಗೆ ಕಾಯದೆ ದಂತವೈದ್ಯರಿಗೆ ತೋರಿಸಿ.