ಹುಡುಕಾಟದ ಪಟ್ಟಿಯಲ್ಲಿ ಕೆಳಗಿಳಿದ ಮನೆಗಳು

ಏರ್‌ಬಿಎನ್‌ಬಿಯಂಥ ಬುಕಿಂಗ್ ಆ್ಯಪ್‌ಗಳಲ್ಲಿ ಮನೆಯನ್ನೋ ಕೋಣೆಯನ್ನೋ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರ ಬಳಿ ಗಿರಾಕಿಗಳು ಬರುವುದು ಬಹುಮಟ್ಟಿಗೆ ಒಂದೇ ದಾರಿಯಿಂದ, ಹುಡುಕಾಟದ ಪಟ್ಟಿಯಿಂದ. ಪ್ರವಾಸಿ ಊರಿನ ಹೆಸರು, ತಾರೀಖು, ಜನರ ಸಂಖ್ಯೆ ಕೊಟ್ಟರೆ ದೊಡ್ಡ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಸಿಗುತ್ತವೆ. ಅಷ್ಟನ್ನೂ ಯಾರೂ ನೋಡುವುದಿಲ್ಲ. ಮೊದಲ ಪುಟಗಳಲ್ಲೇ ಯಾವುದಾದರೂ ಒಂದು ಹಿಡಿಸುತ್ತದೆ, ಹುಡುಕಾಟ ಅಲ್ಲಿಗೆ ಮುಗಿಯುತ್ತದೆ. ಹತ್ತನೆಯ ಪುಟದಲ್ಲಿರುವ ಮನೆ ಎಷ್ಟೇ ಚೊಕ್ಕಟವಾಗಿದ್ದರೂ ಅದು ಇದೆಯೆಂಬುದೇ ಪ್ರವಾಸಿಗೆ ಗೊತ್ತಾಗುವುದಿಲ್ಲ. ಪಟ್ಟಿಯ ಕ್ರಮ ಬದಲಾದಾಗಲೆಲ್ಲ ಆತಿಥೇಯರು ಕಂಗಾಲಾಗುವುದು ಇದರಿಂದಲೇ. ಅಮೆರಿಕದಲ್ಲಿ 2022ರಲ್ಲಿ ಎದ್ದ ಅಸಮಾಧಾನ ಇಂಥವುಗಳಲ್ಲಿ ದೊಡ್ಡದು.

ಈ ಕ್ರಮವನ್ನು ಮನುಷ್ಯರು ಕೂತು ಬರೆಯುವುದಿಲ್ಲ. 2008ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬ್ರಯಾನ್ ಚೆಸ್ಕಿ, ಜೋ ಗೆಬಿಯಾ, ನೇಥನ್ ಬ್ಲೆಚಾರ್ಜಿಕ್ ಸೇರಿ ಕಟ್ಟಿದ ಏರ್‌ಬಿಎನ್‌ಬಿ, ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಕೆಲಸವನ್ನು ಯಂತ್ರಕಲಿಕೆಗೆ ಒಪ್ಪಿಸಿತ್ತು. ಕಂಪನಿಯ ಎಂಜಿನಿಯರ್‌ಗಳು 2018ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇದರ ವಿವರವಿದೆ. ಈ ಪ್ರವಾಸಿ ಈ ಮನೆಯನ್ನು ಬುಕ್ ಮಾಡುವ ಸಾಧ್ಯತೆ ಎಷ್ಟು ಎಂಬುದನ್ನು ಯಂತ್ರ ಅಂದಾಜು ಮಾಡುತ್ತದೆ. ಸಾಧ್ಯತೆ ಹೆಚ್ಚಿದ್ದ ಮನೆ ಮೇಲೆ ಬರುತ್ತದೆ. ಮನೆಯ ಗುಣಮಟ್ಟ, ಜನಪ್ರಿಯತೆ, ದರ, ಇರುವ ಜಾಗ ಇವು ಮುಖ್ಯ ಅಂಶಗಳೆಂದು ಕಂಪನಿ ಹೇಳುತ್ತದೆ. ಪ್ರವಾಸಿ ಹಿಂದೆ ಯಾವ ಬಗೆಯ ಮನೆಗಳನ್ನು ತೆರೆದು ನೋಡಿದ್ದಾರೆಂಬುದೂ ಲೆಕ್ಕಕ್ಕೆ ಬರುವುದರಿಂದ ಒಂದೇ ಊರನ್ನು ಒಂದೇ ಹೊತ್ತಿಗೆ ಹುಡುಕಿದ ಇಬ್ಬರಿಗೆ ಬೇರೆ ಬೇರೆ ಪಟ್ಟಿ ಕಾಣಬಹುದು. ಆತಿಥೇಯರು ತಮ್ಮ ಫೋನಿನಲ್ಲಿ ತಮ್ಮದೇ ಮನೆಯನ್ನು ಹುಡುಕಿ ಅದಕ್ಕೆ ಎಷ್ಟನೆಯ ಸ್ಥಾನ ಎಂದು ಎಣಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಎಲ್ಲರಿಗೂ ಅನ್ವಯಿಸುವ ಸ್ಥಾನವೆಂಬುದೇ ಇಲ್ಲ.

ಜನಪ್ರಿಯತೆಯನ್ನು ಅಳೆಯುವ ಈ ಲೆಕ್ಕದಲ್ಲಿ ಒಂದು ಸುಳಿಯಿದೆ. ಯಾವುದೋ ಕಾರಣಕ್ಕೆ ಕೆಳಗಿಳಿದ ಮನೆಯನ್ನು ನೋಡುವವರು ಕಡಿಮೆಯಾಗುತ್ತಾರೆ, ಬುಕಿಂಗ್ ಇಳಿಯುತ್ತದೆ, ಬುಕಿಂಗ್ ಇಳಿದದ್ದೇ ಮತ್ತಷ್ಟು ಕೆಳಗಿಳಿಯಲು ಕಾರಣವಾಗುತ್ತದೆ. ಸಾಲ ಮಾಡಿ ಮನೆ ಸಜ್ಜುಗೊಳಿಸಿದವರಿಗೆ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪುವುದಿಲ್ಲ.

2022ರ ಮೇ ತಿಂಗಳಲ್ಲಿ ಏರ್‌ಬಿಎನ್‌ಬಿ ಮುಖಪುಟವನ್ನೇ ಬದಲಿಸಿತು. ಊರಿನ ಹೆಸರು ಬರೆದು ಹುಡುಕುವುದಕ್ಕಿಂತ ಮುಂದಾಗಿ 56 ವರ್ಗಗಳ ಸಾಲು ಕಾಣಿಸಿಕೊಂಡಿತು: ಕೋಟೆಗಳು, ಮರದ ಮೇಲಿನ ಮನೆಗಳು, ಕೆರೆದಂಡೆ, ಈಜುಕೊಳ, ವಿಸ್ಮಯ ಹುಟ್ಟಿಸುವ ಕಟ್ಟಡಗಳು. ಹೆಚ್ಚು ದಿನಗಳ ಪ್ರವಾಸವನ್ನು ಎರಡು ಮನೆಗಳಿಗೆ ಹಂಚಿ ತೋರಿಸುವ ವ್ಯವಸ್ಥೆಯೂ ಜತೆಗೆ ಬಂತು. ಜನ ತಮಗೆ ಗೊತ್ತಿರುವ ಕೆಲವೇ ಊರುಗಳ ಹೆಸರು ಬರೆಯುತ್ತಾರೆ, ಗೊತ್ತಿಲ್ಲದ ಊರಿನ ಒಳ್ಳೆಯ ಮನೆ ಅವರ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ಚೆಸ್ಕಿಯವರ ವಾದ. ವಾದದಲ್ಲಿ ಹುರುಳಿತ್ತು. ಹೆಸರಿಲ್ಲದ ಹಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಇದರಿಂದ ಬಾಗಿಲು ತೆರೆಯಬಹುದಿತ್ತು.

ಪೆಟ್ಟು ಬೀಳುವಂತಿದ್ದದ್ದು ಸಾಧಾರಣ ಮನೆಗಳಿಗೆ. ಊರಂಚಿನ ಎರಡು ಕೋಣೆಯ ಫ್ಲ್ಯಾಟ್ ಕೋಟೆಯೂ ಅಲ್ಲ, ಕೆರೆದಂಡೆಯೂ ಅಲ್ಲ. ಅಲ್ಲಿಗೆ ಬರುವವರು ಆಸ್ಪತ್ರೆಯಲ್ಲಿರುವ ತಾಯಿಯನ್ನು ನೋಡಿಕೊಳ್ಳಲು, ಮಗಳನ್ನು ಕಾಲೇಜಿಗೆ ಸೇರಿಸಲು, ನೆಂಟರ ಮದುವೆಗೆ ಬಂದವರು. ಅವರಿಗೆ ಬೇಕಾದದ್ದು ಅಡುಗೆಮನೆ, ಶುಚಿಯಾದ ಹಾಸಿಗೆ, ಕಾರು ನಿಲ್ಲಿಸಲು ಜಾಗ. ಇಂಥ ಮನೆಗಳೇ ಈ ವ್ಯವಹಾರದ ಬೆನ್ನೆಲುಬು; ಹೊಸ ಮುಖಪುಟ ಅವುಗಳನ್ನೇ ಬದಿಗೆ ಸರಿಸಿತೆಂಬ ಆತಿಥೇಯರ ದೂರು ನ್ಯಾಯವಾದದ್ದು. ಯಾವ ಮನೆ ಯಾವ ವರ್ಗಕ್ಕೆ ಸೇರಬೇಕೆಂಬ ತೀರ್ಮಾನವೂ ಅವರ ಕೈಯಲ್ಲಿರಲಿಲ್ಲ. ವಿವರಣೆ, ಫೋಟೋ, ಅತಿಥಿಗಳ ಅಭಿಪ್ರಾಯಗಳನ್ನು ಯಂತ್ರ ಓದಿ ವಿಂಗಡಿಸುತ್ತಿತ್ತು, ಕಂಪನಿಯ ಸಿಬ್ಬಂದಿ ಪರಿಶೀಲಿಸುತ್ತಿದ್ದರು.

ಆದರೆ ಬುಕಿಂಗ್ ಇಳಿದದ್ದಕ್ಕೆಲ್ಲ ಹುಡುಕಾಟವೇ ಕಾರಣವಲ್ಲ. ಕೋವಿಡ್ ಕಾಲದಲ್ಲಿ ದಿನಬಾಡಿಗೆಯ ಮನೆಗಳಿಗೆ ಬೇಡಿಕೆ ಏರಿದ್ದನ್ನು ಕಂಡು ಬಹಳ ಜನ ಈ ವ್ಯವಹಾರಕ್ಕಿಳಿದಿದ್ದರು. ಏರ್‌ಬಿಎನ್‌ಬಿಯಲ್ಲಿದ್ದ ಮನೆಗಳ ಸಂಖ್ಯೆ 2022ರ ಕೊನೆಗೆ 66 ಲಕ್ಷ, ಮರುವರ್ಷದ ಕೊನೆಗೆ 77 ಲಕ್ಷ. ಪಕ್ಕದ ಬೀದಿಯಲ್ಲಿ ಹತ್ತು ಹೊಸ ಮನೆ ಬಂದರೆ ಹಳೆಯ ಮನೆಯ ಪಾಲು ತಾನಾಗಿ ಕುಗ್ಗುತ್ತದೆ. ಕಷ್ಟವಿರುವುದು ಇಲ್ಲಿ: ತನ್ನ ಮನೆ ಖಾಲಿ ಉಳಿದದ್ದು ಪೈಪೋಟಿಯಿಂದಲೋ ಹೊಸ ಮುಖಪುಟದಿಂದಲೋ ಎಂದು ತಿಳಿಯುವ ದಾರಿ ಆತಿಥೇಯರಿಗಿಲ್ಲ. ಲೆಕ್ಕವೆಲ್ಲ ಕಂಪನಿಯ ಬಳಿ ಇರುತ್ತದೆ. ಕಾರಣ ಗೊತ್ತಾಗದಿದ್ದಾಗ ಒಬ್ಬರು ದರ ಇಳಿಸುತ್ತಾರೆ, ಇನ್ನೊಬ್ಬರು ಫೋಟೋ ಬದಲಿಸುತ್ತಾರೆ, ಮತ್ತೊಬ್ಬರು ಲಿಸ್ಟಿಂಗ್ ಅಳಿಸಿ ಹೊಸದಾಗಿ ಹಾಕಿ ಇದ್ದಬದ್ದ ಒಳ್ಳೆಯ ಅಭಿಪ್ರಾಯಗಳನ್ನೂ ಕಳೆದುಕೊಳ್ಳುತ್ತಾರೆ.

2022ರ ನವೆಂಬರಿನಲ್ಲಿ ಕಂಪನಿ ಇನ್ನೊಂದು ಬದಲಾವಣೆ ಘೋಷಿಸಿತು: ಒಂದು ರಾತ್ರಿಯ ದರದ ಬದಲು ಶುಚಿಗೊಳಿಸುವ ಶುಲ್ಕವೂ ಸೇರಿದ, ತೆರಿಗೆ ಹೊರತಾದ ಒಟ್ಟು ಮೊತ್ತ ನೋಡುವ ಆಯ್ಕೆ ಕೊಡುವುದು, ಪಟ್ಟಿಯ ಕ್ರಮಕ್ಕೂ ಆ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯುವುದು. ಕಡಿಮೆ ದರ ತೋರಿಸಿ ಶುಲ್ಕದಲ್ಲಿ ವಸೂಲು ಮಾಡುವ ಚಾಳಿಗೆ ತಡೆ ಬೇಕಿತ್ತು. ಈ ಬದಲಾವಣೆ ಸರಿಯಾದದ್ದೇ, ಒಂದೇ ರಾತ್ರಿ ತಂಗುವವರನ್ನು ನೆಚ್ಚಿಕೊಂಡ ಮನೆಗಳಿಗೆ ಅದು ಹೊರೆಯಾದರೂ.

2023ರ ನವೆಂಬರಿನಲ್ಲಿ ಬಂದದ್ದು ಅತಿಥಿಗಳ ಮೆಚ್ಚಿನ ಮನೆಗಳೆಂಬ ಗುರುತು. ಸುಮಾರು 20 ಲಕ್ಷ ಮನೆಗಳಿಗೆ ಅದು ಸಿಕ್ಕಿತು. ಮುಂದೆ, ಅತಿ ಕೆಳಗಿನ ಶೇ. 10ರಷ್ಟು ಮನೆಗಳಿಗೂ ಕೆಳಗಿನವೆಂಬ ಗುರುತು ಬಿತ್ತು. ಉತ್ತಮ ಆತಿಥೇಯರಿಗೆ ಮೊದಲಿನಿಂದ ಕೊಡುತ್ತಿದ್ದ ಸೂಪರ್‌ಹೋಸ್ಟ್ ಪಟ್ಟಕ್ಕೆ 5ಕ್ಕೆ 4.8 ರೇಟಿಂಗ್ ಬೇಕೇ ಬೇಕು. ನಾಲ್ಕು ನಕ್ಷತ್ರ ಒತ್ತುವ ಅತಿಥಿ ಮನೆ ಚೆನ್ನಾಗಿತ್ತೆಂದೇ ಒತ್ತಿರುತ್ತಾರೆ. ಆದರೆ ಅಂಥ ಒಂದು ನಾಲ್ಕನ್ನು ತುಂಬಿಕೊಂಡು ಸರಾಸರಿ ಮತ್ತೆ 4.8 ಮುಟ್ಟಲು ನಾಲ್ಕು ಐದುಗಳು ಬೇಕು. ಅತಿಥಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಗೊತ್ತುಮಾಡಬೇಕಾದದ್ದು ಕಂಪನಿಯ ಹೊಣೆ. ಇನ್ನು ಅಷ್ಟು ಗದ್ದಲ ಎಬ್ಬಿಸಿದ ವರ್ಗಗಳ ಸಾಲು 2025ರ ಮೇ ತಿಂಗಳಲ್ಲಿ ಮನೆ, ಅನುಭವ, ಸೇವೆ ಎಂಬ ಮೂರು ವಿಭಾಗಗಳಿಗೆ ಜಾಗ ಬಿಟ್ಟುಕೊಟ್ಟಿತು. ವರ್ಗಕ್ಕೆ ತಕ್ಕಂತೆ ಮನೆಯನ್ನು ಅಲಂಕರಿಸಿದವರ ಖರ್ಚು ಅವರ ಮೇಲೆಯೇ ಉಳಿಯಿತು.

ಕಾನೂನು ಈ ಕಡೆ ನಿಧಾನವಾಗಿ ಕಣ್ಣು ಹಾಯಿಸಿದೆ. ಐರೋಪ್ಯ ಒಕ್ಕೂಟದಲ್ಲಿ 2020ರ ಜುಲೈ 12ರಿಂದ ಜಾರಿಯಲ್ಲಿರುವ ನಿಯಮದಂತೆ, ಪಟ್ಟಿಯ ಕ್ರಮ ನಿರ್ಧರಿಸುವ ಮುಖ್ಯ ಅಂಶಗಳನ್ನೂ ಅವುಗಳ ತೂಕಕ್ಕೆ ಕಾರಣವನ್ನೂ ವ್ಯಾಪಾರಿಗಳಿಗೆ ತಿಳಿಸಬೇಕು, ಹಣ ಕೊಟ್ಟು ಮೇಲೇರಲು ಅವಕಾಶವಿದ್ದರೆ ಅದನ್ನೂ ಹೇಳಬೇಕು. ಸ್ಪೇನಿನ ಸ್ಪರ್ಧಾ ಆಯೋಗ 2024ರ ಜುಲೈನಲ್ಲಿ ಬುಕಿಂಗ್.ಕಾಮ್‌ಗೆ 41.3 ಕೋಟಿ ಯೂರೋ ದಂಡ ಹಾಕಿತು. ತನ್ನಲ್ಲಿ ಹೆಚ್ಚು ಬುಕಿಂಗ್ ಇರುವ ಹೋಟೆಲುಗಳನ್ನು ಮೇಲೆ ತೋರಿಸಿ, ಬೇರೆ ತಾಣಗಳತ್ತ ಹೋಗದಂತೆ ಕಟ್ಟಿಹಾಕಿದ್ದೂ ಅದರ ಕಾರಣಗಳಲ್ಲೊಂದು. ಭಾರತದ 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳೂ ಕ್ರಮದ ಮಾನದಂಡಗಳನ್ನು ಸರಳ ಭಾಷೆಯಲ್ಲಿ ಪ್ರಕಟಿಸಬೇಕೆನ್ನುತ್ತವೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊ ಮತ್ತು ಓಯೋಗೆ ಒಟ್ಟು ಸುಮಾರು 392 ಕೋಟಿ ರೂಪಾಯಿ ದಂಡ ವಿಧಿಸಿದ ಪ್ರಕರಣದಲ್ಲಿ ಟ್ರೀಬೊ ಮತ್ತು ಫ್ಯಾಬ್‌ಹೋಟೆಲ್ಸ್‌ನ ಹೋಟೆಲುಗಳನ್ನು ಪಟ್ಟಿಯಿಂದಲೇ ಕೈಬಿಟ್ಟದ್ದು ಮುಖ್ಯ ಆರೋಪವಾಗಿತ್ತು. ಮೇಕ್‌ಮೈಟ್ರಿಪ್‌ನಲ್ಲಿ ಕಾಣದಿರುವುದೆಂದರೆ ಮಾರುಕಟ್ಟೆಯ ದೊಡ್ಡ ಪಾಲಿಗೆ ಕಾಣದಿರುವುದು.

ಮಾನದಂಡದ ಹೆಸರುಗಳನ್ನು ಪ್ರಕಟಿಸಿದ ಮಾತ್ರಕ್ಕೆ ನಿರ್ದಿಷ್ಟ ಮನೆ ನಿನ್ನೆಗಿಂತ ಇಂದು ಏಕೆ ಕೆಳಗಿದೆಯೆಂದು ತಿಳಿಯುವುದಿಲ್ಲ. ಬದಲಾವಣೆಗೆ ಮೊದಲು ಸೂಚನೆ, ಬದಲಾದ ಮೇಲೆ ಮನೆಯನ್ನು ಎಷ್ಟು ಜನ ನೋಡಿದರೆಂಬ ಮೊದಲಿನೊಂದಿಗಿನ ಹೋಲಿಕೆ, ದೂರಿಗೆ ಉತ್ತರಿಸುವ ಮನುಷ್ಯರು ಇವಿಷ್ಟು ಇದ್ದರೆ ಅರ್ಧ ಅಸಮಾಧಾನ ಕರಗುತ್ತದೆ. ಸದ್ಯಕ್ಕೆ ಆತಿಥೇಯರ ಕೈಯಲ್ಲಿರುವುದು ಅವಲಂಬನೆಯನ್ನು ತಗ್ಗಿಸುವ ದಾರಿಗಳು: ಒಂದಕ್ಕಿಂತ ಹೆಚ್ಚು ತಾಣಗಳಲ್ಲಿ ಲಿಸ್ಟಿಂಗ್, ಕ್ಯಾಲೆಂಡರನ್ನು ದಿನವೂ ಸರಿಪಡಿಸುವುದು, ಬಂದುಹೋದ ಅತಿಥಿ ಮತ್ತೆ ನೇರವಾಗಿ ಕರೆಮಾಡುವಂಥ ಒಡನಾಟ. ಕೊಡಗು, ಚಿಕ್ಕಮಗಳೂರಿನ ಹಳೆಯ ಹೋಂಸ್ಟೇಗಳು ಆ್ಯಪ್‌ಗಳು ಬರುವ ಮೊದಲು ನಡೆದದ್ದು ಪರಿಚಯದವರ ಮಾತು ಮತ್ತು ಫೋನ್ ನಂಬರಿನ ಮೇಲೆಯೇ. ಆ ನಂಬರುಗಳನ್ನು ಉಳಿಸಿಕೊಂಡ ಮನೆಗಳಿಗೆ ಹುಡುಕಾಟದ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ.