ತುಂಗಭದ್ರಾ ಅಣೆಕಟ್ಟೂ ಅದರ ಮೇಲಣ ಸೀಮೆಯೂ

ತುಂಗಭದ್ರಾ ಅಣೆಕಟ್ಟಿನ ಕೆಲಸವನ್ನು 1945ರಲ್ಲಿ ಹೊಸಪೇಟೆಯ ಬಳಿ ಆರಂಭಿಸಿದವರು ಮದರಾಸು ಸರಕಾರದವರು ಹಾಗೂ ಹೈದರಾಬಾದು ಸಂಸ್ಥಾನದವರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಡ್ಡಿ ಗಡಿಯದೊಂದೇ ಅಲ್ಲ, ನೆಲದ ಇಳಿಜಾರಿನದೂ ಹೌದೆಂಬುದನ್ನು ನಾವು ಮರೆಯಲಾಗದು. ವರದೆಯು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಈ ಸೀಮೆಯ ನೀರು ಕೆಳಗಣ ಜಲಾಶಯವನ್ನು ತುಂಬುತ್ತದೆಯೇ ಹೊರತು ಅಲ್ಲಿಂದ ಹಿಂದಿರುಗಲಾರದು. 1953ರಲ್ಲಿ ನೀರು ನಿಂತ ಬಳಿಕ ಕಾಲುವೆಗಳು ರಾಯಚೂರು, ಬಳ್ಳಾರಿ, ಕರ್ನೂಲುಗಳ ಕಡೆಗೆ ಹರಿದವು. ವಿದ್ಯುದಾಗಾರಗಳೂ ಅತ್ತಲೇ ಎದ್ದವು. ಗಾಜನೂರಿನ ತುಂಗಾ ಮೇಲ್ದಂಡೆ ಕಾಲುವೆಯು ಇತ್ತ ಬರಲು ಅರ್ಧ ಶತಮಾನವೇ ಕಳೆಯಬೇಕಾಯಿತು. ಆದರೂ ಅಣೆಕಟ್ಟಿನ ಪರಿಣಾಮ ಇಲ್ಲಿಗೆ ತಟ್ಟಲಿಲ್ಲವೆನ್ನುವಂತಿಲ್ಲ. ಅದರ ಕಾಲುವೆಗಳ ಕೆಳಗೆ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬೆಳೆದ ಮೆಣಸಿನಕಾಯಿ ಇಂದು ಬ್ಯಾಡಗಿಯ ಪೇಟೆಗೇ ಬಂದು, ಮಳೆಯನ್ನು ನಂಬಿದ ಸ್ಥಳೀಯ ರೈತನ ಚೀಲದ ಮಗ್ಗುಲಲ್ಲೇ ಬೆಲೆಗಾಗಿ ಕಾಯುತ್ತದೆ.