ಬನ್ನಿಯ ಮರದಲ್ಲಿಟ್ಟ ಗದೆ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ತುಮಕೂರು ಸೀಮೆಯ ಬಯಲುನಾಡಿನಲ್ಲಿ, ಮುಖವೀಣೆಯ ನಾದದೊಡನೆ ಬೆಳಗಿನವರೆಗೆ ನಡೆಯುವ ಮೂಡಲಪಾಯದ ಬಯಲಾಟವನ್ನು ಕಂಡವರೆಲ್ಲ ಒಂದು ಕ್ರಮವನ್ನು ಬಲ್ಲರು: ಕಿರೀಟ ಭುಜಕೀರ್ತಿಗಳನ್ನು ಧರಿಸಿದ ವೇಷವು ರಂಗಕ್ಕೆ ಬಂದೊಡನೆ ಸಾರಥಿಯು ಅದನ್ನು ತಡೆದು, ತಾವಾರು, ತಮ್ಮ ಸ್ಥಳವಾವುದು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಬಂದಾತನು ಭೀಮನೆಂಬುದು ಮುಂದಿನ ಸಾಲಿನಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಕಳೆದ ವರ್ಷದ ಪ್ರಸಂಗದಲ್ಲಿಯೂ ಅವನೇ ಬಂದಿದ್ದನು. ಆದರೂ ಪ್ರತಿಯೊಂದು ಪ್ರಸಂಗದಲ್ಲಿಯೂ ಅವನು ತನ್ನನ್ನು ಹೊಸದಾಗಿ ಹೇಳಿಕೊಳ್ಳಲೇಬೇಕು.

ಒಂದು ಕಥೆಗೆಂದು ಹುಟ್ಟಿದ ಪಾತ್ರವನ್ನು ಮತ್ತೊಂದು ಕಥೆಗೆ ಕರೆದೊಯ್ಯುವುದು ಹೇಗೆಂಬ ಪ್ರಶ್ನೆ ಇಂದು ಪಾತ್ರಾಭಿನಯದ ಆಟಗಳನ್ನಾಡುವ ತರುಣರ ಮುಂದೆಯೂ ಇದೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ, ಮೇಜಿನ ಸುತ್ತ ಕುಳಿತವರು ತಾವೇ ಕಲ್ಪಿಸಿದ ವೀರರನ್ನು ಮಾತಿನಿಂದಲೂ ದಾಳಗಳಿಂದಲೂ ನಡೆಸುತ್ತಾರೆ. ಒಬ್ಬ ನಿರೂಪಕನ ಲೋಕದಲ್ಲಿ ಬೆಳೆದ ವೀರನನ್ನು ಇನ್ನೊಬ್ಬನ ಲೋಕಕ್ಕೆ ಒಯ್ಯುವ ರೂಢಿ ಆ ಆಟದ ಆರಂಭದ ದಿನಗಳಿಂದಲೇ ಬಂದದ್ದು. 1986ರ ‘ಗರ್ಪ್ಸ್’ ಆಟವಂತೂ ಯಾವ ಕಾಲದ, ಯಾವ ಲೋಕದ ಕಥೆಗಾದರೂ ಒಂದೇ ನಿಯಮಾವಳಿಯನ್ನು ಒದಗಿಸಹೊರಟಿತು. ಬಲ ಇಷ್ಟು, ಜಾಣ್ಮೆ ಇಷ್ಟು ಎಂಬ ಅಂಕಿಗಳನ್ನು ಹೀಗೆ ಸಾಗಿಸಬಹುದು. ಜೀವವನ್ನು ಸಾಗಿಸುವುದಕ್ಕೆ ಬೇರೊಂದು ವಿವೇಕ ಬೇಕು.

ಆ ವಿವೇಕವು ವಿರಾಟಪರ್ವದಲ್ಲಿದೆ. ಹನ್ನೆರಡು ವರ್ಷದ ವನವಾಸ ತೀರಿ ಅಜ್ಞಾತವಾಸ ಒದಗಿದಾಗ ಪಾಂಡವರು ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿ, ಹೆಸರನ್ನೂ ಉಡುಪನ್ನೂ ಬದಲಿಸಿ, ಮತ್ಸ್ಯನಗರವನ್ನು ಹೊಕ್ಕರು. ಧರ್ಮರಾಯನು ಕಂಕನಾದನು, ರಾಜ್ಯವನ್ನೇ ಕಳೆದ ದ್ಯೂತ ಅಲ್ಲಿಯೂ ಅವನ ಕೈಬಿಡಲಿಲ್ಲ. ಅರ್ಜುನನು ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದನು; ಗೋಗ್ರಹಣದ ದಿನ ಮತ್ತೆ ಗಾಂಡೀವಕ್ಕೆ ಕೈಚಾಚಿದನು. ಭೀಮನು ವಲಲನೆಂಬ ಅಡುಗೆಯವನಾಗಿ ಸೌಟು ಹಿಡಿದಿದ್ದರೂ, ಸೈರಂಧ್ರಿಯಾಗಿದ್ದ ದ್ರೌಪದಿಯ ಕಣ್ಣೀರನ್ನು ಕಂಡ ಮೇಲೆ ಇರುಳಿನ ನಾಟ್ಯಶಾಲೆಯಲ್ಲಿ ಕೀಚಕನಿಗೆ ಎದುರಾದವನು ಹಸ್ತಿನಾವತಿಯ ಸಭೆಯಲ್ಲಿ ಹಲ್ಲು ಕಡಿದ ಆ ಭೀಮನೇ.

ಕನ್ನಡದ ಕವಿಗಳೂ ಇದೇ ಹಾದಿಯನ್ನು ತುಳಿದವರು. 941ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ ಪಂಪನು ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡು, ದ್ರೌಪದಿಯನ್ನು ಅರ್ಜುನನೊಬ್ಬನ ಸತಿಯನ್ನಾಗಿಸಿದನು, ಅವನ ತರುವಾಯ ಬಂದ ರನ್ನನು ಭೀಮನನ್ನು ನಾಯಕನಾಗಿ ನಿಲ್ಲಿಸಿ ಚಾಲುಕ್ಯ ಸತ್ಯಾಶ್ರಯನೊಡನೆ ಸಮೀಕರಿಸಿಯೂ, ದುರ್ಯೋಧನನ ಛಲಕ್ಕೆ ಓದುವವರು ಮರುಗುವಂತೆ ಮಾಡಿದನು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯು, ವೀರಣ್ಣನವರ ಕಾಲದಲ್ಲಿ, 1934ರ ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು, ಹಾರ್ಮೋನಿಯಂ ಮಾಸ್ತರರಿಂದ ಕಲಿತ ರೈತರು ಅದೇ ಕಥೆಯ ನಾಟಕವನ್ನು ಇಂದಿಗೂ ಹಳ್ಳಿಗಳಲ್ಲಿ ಆಡುತ್ತಾರೆ. ಕಾವ್ಯ, ಬಯಲಾಟ, ಕಂಪನಿ ನಾಟಕವೆಂದು ಲೋಕಗಳು ಮೂರಾದರೂ ಭೀಮ ಒಬ್ಬನೇ.

ಆದುದರಿಂದ, ಮೆಚ್ಚಿನ ಪಾತ್ರವೊಂದನ್ನು ಹೊಸ ಆಟಕ್ಕೆ ಕರೆತರುವವರು ಅದರ ಸಂಪತ್ತನ್ನೂ ಬಿರುದುಗಳನ್ನೂ ಜೊತೆಗೆ ಹೊರಿಸದಿರಲಿ ಎಂಬುದು ನನ್ನ ಪ್ರಾರ್ಥನೆ. ಹಳೆಯ ಗೆಲವುಗಳನ್ನು ಹೊತ್ತು ಬಂದ ಪಾತ್ರಕ್ಕೆ ಹೊಸ ಲೋಕದಲ್ಲಿ ಅಂಜಿಕೆಯಿಲ್ಲ, ಅಂಜಿಕೆಯಿಲ್ಲದಲ್ಲಿ ಕಥೆಯೂ ಇಲ್ಲ. ಜೊತೆಯವರ ವೀರರು ಅದರ ನೆರಳಿನಲ್ಲಿ ಬಾಡುತ್ತಾರೆ. ಊರ ಹೊರಗೊಂದು ಬನ್ನಿಯ ಮರವಿರಲಿ, ಗದೆ ಅಲ್ಲಿಯೇ ಉಳಿಯಲಿ. ಬರಿಗೈಯಲ್ಲಿ ಬಂದವನನ್ನು ಸಾರಥಿಯು ತಡೆದು ಕೇಳಿದಾಗ, ಅವನು ಕೊಡುವ ಉತ್ತರದಲ್ಲಿ ಆ ಸಭೆಯ ಕೋಪ ಇನ್ನೂ ಬಿಸಿಯಾಗಿದ್ದರೆ, ಬಂದವನು ಭೀಮನೇ ಸರಿ.